ಮುನಿಸಿನ ಕೊಂಬು ಕಿತ್ತ ಪ್ರಾಂಶುಪಾಲರಿಗೆ

ಮಾನ್ಯ ಪ್ರಾಂಶುಪಾಲರೇ,

ನನ್ನ ಸೊಸೆಯ ಮುನಿಸಿನಿಂದ ತಾವು ಒಂದು ಕೊಂಬನ್ನೂ ಒಂದು ಗುಡಿಸನ್ನೂ ಕಿತ್ತುಹಾಕಿದ್ದೀರಿ. ಅವೆರಡನ್ನೂ ವಾಪಸು ಕೇಳಲು ಈ ಬಹಿರಂಗ ಪತ್ರ ಬರೆಯುತ್ತಿದ್ದೇನೆ.

ತಮ್ಮ ಮೇಜಿನ ಮೇಲೆ ಹಾದುಹೋಗುವ ಕಾಗದಗಳ ನಡುವೆ ಇದು ಯಾವ ಕೊಂಬು ಎಂದು ತಮಗೆ ನೆನಪಾಗದಿರಬಹುದು. ಕಾಲೇಜಿನ ಜಾಲತಾಣವನ್ನು ತಾವು ಈಚೆಗೆ ಹೊಸದಾಗಿ ಮಾಡಿಸಿದಿರಿ. ಮನಃಶಾಸ್ತ್ರ ವಿಭಾಗದ ಪುಟದಲ್ಲಿ ಪ್ರತಿಯೊಬ್ಬ ಅಧ್ಯಾಪಕರ ಫೋಟೋ, ಅದರ ಕೆಳಗೆ ‘ಬೋಧನೆ ಮತ್ತು ಸಂಶೋಧನೆಯ ಆಸಕ್ತಿ’ ಎಂಬ ಸಾಲು. ಅಲ್ಲಿ ಪ್ರಾಧ್ಯಾಪಕಿಯಾಗಿರುವ ನನ್ನ ಸೊಸೆ ತನ್ನ ಸಾಲಿಗೆ ‘ಮುನಿಸು’ ಎಂದು ಬರೆದುಕೊಟ್ಟಿದ್ದಳು. ಪುಟ ತೆರೆದು ನೋಡಿದರೆ ‘ಮನಸು’ ಎಂದಿದೆ. ಮನಃಶಾಸ್ತ್ರದ ಪ್ರಾಧ್ಯಾಪಕಿಗೆ ಮನಸಿನಲ್ಲಿ ಆಸಕ್ತಿ! ಬಡಗಿಯೊಬ್ಬ ತನಗೆ ಮರದಲ್ಲಿ ಆಸಕ್ತಿ ಎಂದು ಬೋರ್ಡು ಬರೆಸಿಕೊಂಡ ಹಾಗಾಯಿತು. ಪಾಪ, ಈಕೆಗೆ ಬರೆಯಲು ಬೇರೇನೂ ಹೊಳೆಯಲಿಲ್ಲ ಎಂದು ನೋಡಿದವರು ಅಂದುಕೊಳ್ಳುವುದಿಲ್ಲವೇ?

ಟೈಪು ಮಾಡುವಾಗ ಆದ ತಪ್ಪಿರಬೇಕು ಎಂದು ಮೊದಲು ಸಮಾಧಾನ ಹೇಳಿದವಳು ನಾನೇ. ನಾನು ಕೂದಲು ನರೆಯುವವರೆಗೆ ಒಂದು ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದವಳು. ಬೆರಳು ಜಾರುವುದೆಂದರೇನು ಎಂದು ನನಗೆ ಗೊತ್ತು. ಆದರೆ ಒಂದೇ ಪದದಲ್ಲಿ ಎರಡು ಸಲ, ಅದೂ ಚೆನ್ನಾಗಿ ಅರ್ಥ ಬರುವ ಹಾಗೆ, ಯಾರ ಬೆರಳೂ ಜಾರುವುದಿಲ್ಲ. ವಿಚಾರಿಸಿದರೆ ಅದು ತಾವೇ ಕೂತು ತಿದ್ದಿದ್ದಂತೆ. ಸೊಸೆ ಬಂದು ಕೇಳಿದಾಗ ತಾವು ಹೇಳಿದ ಮಾತನ್ನು ಅವಳು ಮನೆಯಲ್ಲಿ ಹಾಗೇ ಹೇಳಿದಳು. “ಮುನಿಸು ಅನ್ನೋದು ಒಂದು ಸಬ್ಜೆಕ್ಟಾ ಮೇಡಂ? ಅದೆಲ್ಲ ಮನೇಲಿ ಇಟ್ಕೊಳ್ಳೋದು. ಬೇಕಾದ್ರೆ ‘ಕೋಪ ನಿರ್ವಹಣೆ’ ಅಂತ ಹಾಕಿಸ್ತೀನಿ, ಕಂಪನಿಯವರು ಭಾಷಣಕ್ಕಾದ್ರೂ ಕರೀತಾರೆ.” ಅದರ ಬೆನ್ನಿಗೇ ಅವಳು ಕೊನೆಯ ವರ್ಷದವರಿಗೆ ಕಲಿಸುತ್ತಿದ್ದ ‘ಮುನಿಸು ಮತ್ತು ರಮಿಸುವಿಕೆ’ ಎಂಬ ಐಚ್ಛಿಕ ವಿಷಯವನ್ನು ಮುಂದಿನ ವರ್ಷದಿಂದ ಕೈಬಿಟ್ಟಿರಿ. ತಾವು ಕೊಟ್ಟ ಕಾರಣವನ್ನು ಓದಿ ನಾನು ಕನ್ನಡಕ ಒರೆಸಿಕೊಂಡು ಮತ್ತೆ ಓದಿದೆ: ‘ಮನಸಿನ ಬಗ್ಗೆ ವಿಭಾಗದ ಉಳಿದೆಲ್ಲರೂ ಕಲಿಸುತ್ತಿರುವುದರಿಂದ ಇದರ ಅಗತ್ಯವಿಲ್ಲ.’ ಅಂದರೆ ತಾವೇ ಅಕ್ಷರ ಕಿತ್ತಿರಿ, ಕಿತ್ತ ಮೇಲೆ ಉಳಿದ ಪದವನ್ನು ತೋರಿಸಿ ತರಗತಿಯನ್ನೂ ಕಿತ್ತಿರಿ. ಇಷ್ಟು ಚೊಕ್ಕವಾದ ಕೆಲಸವನ್ನು ನಮ್ಮ ಕಚೇರಿಯಲ್ಲಿಯೂ ನಾನು ಕಂಡಿರಲಿಲ್ಲ. ಕಿತ್ತ ಕೊಂಬು ಎಲ್ಲಿಗೆ ಹೋಯಿತೆಂದು ನಾನು ಹುಡುಕಲು ಹೋಗಲಿಲ್ಲ. ಕುರ್ಚಿ ಸಿಕ್ಕವರಿಗೆ ಕೊಂಬು ಬರುವುದು ಹೊಸದಲ್ಲ.

ಆ ಪುಟದಲ್ಲಿರುವ ಉಳಿದವರ ಆಸಕ್ತಿಗಳನ್ನು ತಾವು ಮುಟ್ಟಿಲ್ಲ. ‘ಗಮನ’ದಲ್ಲಿ ಆಸಕ್ತಿಯುಳ್ಳ ಹಿರಿಯರು ನಮ್ಮ ಮನೆಗೆ ಬಂದಾಗ ನನ್ನ ಮಗನ ಚಪ್ಪಲಿ ಮೆಟ್ಟಿಕೊಂಡು ಹೋದರು, ಮಾರನೆಯ ದಿನ ತಮ್ಮ ಚಪ್ಪಲಿ ಕಳುವಾಗಿದೆ ಎಂದು ಫೋನೂ ಮಾಡಿದರು. ‘ನಿರ್ಧಾರ ಕೈಗೊಳ್ಳುವ ಬಗೆ’ಯನ್ನು ಅಭ್ಯಾಸ ಮಾಡುವವರು ಟೀ ಬೇಕೋ ಕಾಫಿ ಬೇಕೋ ಎಂದು ಕೇಳಿದರೆ ಹೆಂಡತಿಯ ಮುಖ ನೋಡುತ್ತಾರೆ. ‘ನಿದ್ರೆ’ಯ ಸಂಶೋಧಕರ ತರಗತಿಯಲ್ಲಿ ಪಾಠವೂ ಪ್ರಯೋಗವೂ ಒಟ್ಟಿಗೇ ನಡೆಯುತ್ತವೆಯಂತೆ. ಇವರ್ಯಾರ ಬಗ್ಗೆಯೂ ನನ್ನ ತಕರಾರಿಲ್ಲ, ಒಳ್ಳೆಯ ಜನ. ಮನುಷ್ಯ ತನಗೆ ಬಾರದ್ದರಲ್ಲಿಯೇ ಆಸಕ್ತಿ ಇಟ್ಟುಕೊಳ್ಳುತ್ತಾನೇನೋ. ಆದರೆ ನಿದ್ರೆ ವಿಷಯವಾಗಬಹುದಾದರೆ ಮುನಿಸು ಯಾಕಾಗಬಾರದು? ನಿದ್ರೆ ಮನೆಯಲ್ಲಿ ಮಾಡುವುದಲ್ಲವೇ? ಅಥವಾ ತಮ್ಮಲ್ಲಿ ಅದಕ್ಕೂ ಕಚೇರಿಯೇ ಬೇಕೇ?

‘ಕೋಪ ನಿರ್ವಹಣೆ’ ಎಂದು ಹಾಕಿಸುತ್ತೇನೆಂದಿರಲ್ಲ, ಅಲ್ಲಿಯೇ ಎಡವಿದ್ದು ತಾವು. ಕೋಪ ಬೇರೆ, ಮುನಿಸು ಬೇರೆ. ಬಸ್ಸಿನ ಕಂಡಕ್ಟರ್ ಮೇಲೆ ಕೋಪ ಮಾಡಿಕೊಳ್ಳಬಹುದು. ಅವನ ಮೇಲೆ ಮುನಿಸಿಕೊಳ್ಳಲು ಆಗುತ್ತದೆಯೇ? ಮುನಿಸಿಕೊಂಡು ಬಸ್ಸು ಹತ್ತದೆ ನಿಂತರೆ ಬಸ್ಸು ಹೊರಟುಹೋಗುತ್ತದೆ, ಅಷ್ಟೇ. ಕೋಪಕ್ಕೆ ಯಾರಾದರೂ ಆದೀತು. ಮುನಿಸಿಗೆ ನಮ್ಮವರೇ ಬೇಕು, ಬಂದು ರಮಿಸುತ್ತಾರೆ ಎಂಬ ಭರವಸೆ ಇರುವವರೇ ಬೇಕು. ಕೋಪ ಬಂದವರು ಬಾಗಿಲನ್ನು ಧಡಾರನೆ ಹಾಕಿಕೊಳ್ಳುತ್ತಾರೆ. ಮುನಿಸು ಬಂದವರು ಬಾಗಿಲು ಹಾಕಿಕೊಂಡ ಹಾಗೆ ಮಾಡಿ ಒಂದಿಷ್ಟು ಸಂದು ಬಿಟ್ಟಿರುತ್ತಾರೆ. ಈ ಸಂದನ್ನು ಮೊದಲು ಗಮನಿಸಿ ಶಾಸ್ತ್ರಕ್ಕೆ ತಂದವಳು ನನ್ನ ಸೊಸೆ, ಮತ್ತು ಆ ಬಾಗಿಲು ನನ್ನದು.

ಹೌದು, ಮುನಿಸಿನ ಬಗ್ಗೆ ಅವಳು ಬರೆದ ಸಂಶೋಧನಾ ಲೇಖನದಲ್ಲಿ ಬರುವ ‘ಶ್ರೀಮತಿ ಅ (ವಯಸ್ಸು ತಿಳಿಸಲು ನಿರಾಕರಿಸಿದ್ದಾರೆ)’ ನಾನೇ. ಆದದ್ದಿಷ್ಟು. ಕಿಟಕಿಯ ಪಕ್ಕದಲ್ಲಿದ್ದ ನನ್ನ ಕುರ್ಚಿಯನ್ನು ಸೊಸೆ ನನ್ನನ್ನು ಒಂದು ಮಾತೂ ಕೇಳದೆ ಮೂಲೆಗೆ ಸರಿಸಿ, ಆ ಜಾಗದಲ್ಲಿ ತನ್ನ ಪುಸ್ತಕದ ಕಪಾಟು ತಂದಿಟ್ಟಳು. ನಾನು ಜಗಳ ಮಾಡಲಿಲ್ಲ. ‘ನನಗೆ ಹಸಿವಿಲ್ಲ’ ಎಂದೆ, ಅಡುಗೆಮನೆಗೆ ಕೇಳಿಸುವಷ್ಟು ಗಟ್ಟಿಯಾಗಿ. ಕೋಣೆ ಸೇರಿ ಬಾಗಿಲು ಹಾಕಿಕೊಂಡೆ, ಸಂದು ಬಿಟ್ಟು. ಆಮೇಲೆ ಹೇಳಬೇಕಾದ್ದನ್ನೆಲ್ಲ ಮಗನ ಮೂಲಕ ಹೇಳಿಸಿದೆ, ಅವಳು ಅದೇ ಕೋಣೆಯಲ್ಲಿದ್ದರೂ. “ಅವರಿಗೆ ಹೇಳಪ್ಪ, ಬಚ್ಚಲಲ್ಲಿ ನಲ್ಲಿ ತೊಟ್ಟಿಕ್ತಾ ಇದೆ ಅಂತ.” ನನ್ನ ಮಗ ಹಲ್ಲಿನ ಡಾಕ್ಟರು. ಊರವರ ಬಾಯಿ ತೆರೆಸುವುದೇ ಅವನ ಕಸುಬಾದರೂ ಮನೆಯಲ್ಲಿ ತನ್ನ ಬಾಯಿ ತೆರೆಯುವುದಿಲ್ಲ. ಆ ದಿನಗಳಲ್ಲಿ ಅವನೂ ಅಂಚೆಯವನ ಹಾಗೆ ಓಡಾಡಿದ.

ಒಂದು ಸಂಜೆ ಸೊಸೆ ಆ ಸಂದಿನಿಂದಲೇ ಒಳಗೆ ಬಂದು ಟೀ ಲೋಟ ಇಟ್ಟಳು. ಕುರ್ಚಿಯ ಮಾತೆತ್ತಲಿಲ್ಲ, ತಪ್ಪಾಯಿತು ಎನ್ನಲಿಲ್ಲ. “ಅತ್ತೆ, ಆ ಕಪಾಟು ಅಲ್ಲಿ ಚೆನ್ನಾಗಿ ಕಾಣ್ತಿಲ್ಲ. ಎಲ್ಲಿಟ್ರೆ ಸರಿಹೋಗುತ್ತೆ, ನೀವೇ ಹೇಳಿ” ಎಂದಳು.

“ಈ ಮನೇಲಿ ನನ್ನನ್ನ ಕೇಳಿ ಯಾರು ಏನು ಮಾಡ್ತಾರಮ್ಮ?” ಎಂದೆ.

ಅಂದ ಮೇಲೆ ಗೊತ್ತಾಯಿತು, ನಾನು ಅವಳೊಂದಿಗೆ ನೇರವಾಗಿ ಮಾತಾಡಿಬಿಟ್ಟಿದ್ದೇನೆ. ಮುನಿಸು ಅಲ್ಲಿಗೆ ಮುಗಿಯಿತು. ಟೀ ಕುಡಿದೆ. ಕಪಾಟು ಹಜಾರಕ್ಕೆ ಹೋಯಿತು. ಅವಳು ಇದನ್ನೆಲ್ಲ ಬರೆಯುತ್ತೇನೆಂದು ಹೇಳಿ, ಸಂಶೋಧನೆಗೆ ನನ್ನ ಒಪ್ಪಿಗೆ ಬೇಕೆಂದು ಕೇಳಿದಾಗ ನಾನು ಇನ್ನೊಂದು ವಿಷಯಕ್ಕೆ ಮುನಿಸಿಕೊಂಡಿದ್ದೆ. ಉತ್ತರ ಕೊಡಲಿಲ್ಲ. ಅದನ್ನೇ ಒಪ್ಪಿಗೆ ಎಂದು ಬರೆದುಕೊಂಡಳು ಗಟ್ಟಿಗಿತ್ತಿ.

ಇದರಿಂದ ಯಾರಿಗೇನು ಉಪಯೋಗ ಎಂದು ತಾವು ಕೇಳಬಹುದು. ಒಂದು ದಿನ ಅವಳ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಳು. “ನೀವೇನಾ ಶ್ರೀಮತಿ ಅ?” ಎಂದು ನನ್ನನ್ನು ನೋಡಿ ಬಾಯಿಬಿಟ್ಟುಕೊಂಡು ನಿಂತಳು. ಆಮೇಲೆ ಹೇಳಿದಳು: “ಆಂಟಿ, ನಮ್ಮಕ್ಕ ಮದುವೆಯಾದಾಗಿಂದ ನನ್ನ ಹತ್ರ ಮಾತು ಬಿಟ್ಟಿದ್ಲು. ನನ್ನ ಕಂಡ್ರೆ ಆಗಲ್ಲ ಅಂದ್ಕೊಂಡಿದ್ದೆ. ಮೇಡಂ ಕ್ಲಾಸ್ ಕೇಳಿದ್ಮೇಲೆ ಅನ್ನಿಸ್ತು, ಅವಳು ನಾನು ಬರ್ಲಿ ಅಂತ ಕಾಯ್ತಿರಬಹುದು ಅಂತ. ಹೋದೆ. ಬಾಗಿಲು ತೆಗೆದವಳೇ, ‘ಈಗ ಬಂತಾ ನೆನಪು?’ ಅಂತ ಬೈದ್ಲು. ಬೈತಾ ಬೈತಾನೇ ಒಳಗೆ ಕರ್ಕೊಂಡು ಹೋದ್ಲು.” ಅಕ್ಕತಂಗಿಯರನ್ನು ಒಂದು ಮಾಡಿದ ತರಗತಿ ತಮ್ಮ ಕಾಲೇಜಿನಲ್ಲಿ ಇನ್ನೊಂದಿದ್ದರೆ ತಿಳಿಸಿ, ಅದಕ್ಕೂ ನಾನು ಪತ್ರ ಬರೆಯುತ್ತೇನೆ.

ಇಷ್ಟನ್ನೂ ತಮಗೆ ಎದುರಿಗೇ ಹೇಳಬೇಕೆಂದು ಕಳೆದ ವಾರ ತಮ್ಮ ಕಚೇರಿಗೆ ಬಂದಿದ್ದೆ. ಹೊರಗಿನ ಬೆಂಚಿನ ಮೇಲೆ ಕೂರಿಸಿದರು. ತಮ್ಮ ಕೋಣೆ ಒಂದು ಕಡೆ, ಉಪಪ್ರಾಂಶುಪಾಲರ ಕೋಣೆ ಎದುರಿಗೆ. ಅಟೆಂಡರ್ ತಮ್ಮ ಕೋಣೆಯಿಂದ ಹೊರಬಂದು ಎದುರು ಕೋಣೆಗೆ ಹೋಗಿ, “ಸಾಹೇಬ್ರು ಪರೀಕ್ಷೆ ವೇಳಾಪಟ್ಟಿ ಕೇಳ್ತಿದಾರೆ” ಎಂದರು. ಅಲ್ಲಿಂದ ಹಿಂತಿರುಗಿ ತಮ್ಮ ಬಾಗಿಲಲ್ಲಿ ನಿಂತು, “ಅದು ನಿಮ್ಮ ಮೇಜಿನ ಮೇಲೇ ಇದೆಯಂತೆ, ಕಣ್ಣಿದ್ದೋರು ನೋಡ್ಬೇಕಂತೆ” ಎಂದರು. ಬಾಗಿಲಿಂದ ಬಾಗಿಲಿಗೆ ಹತ್ತು ಹೆಜ್ಜೆ ಇಲ್ಲ. ಏನಪ್ಪಾ ಇದು ಎಂದು ಅಟೆಂಡರನ್ನು ಕೇಳಿದೆ. ಅವರು ದನಿ ತಗ್ಗಿಸಿ, “ವಾರ್ಷಿಕೋತ್ಸವದಲ್ಲಿ ನಮ್ಮ ಸಾಹೇಬ್ರ ಭಾಷಣ ಮುಗಿಯೋಕೆ ಮುಂಚೆ ಅವ್ರು ಎದ್ದು ಹೋಗ್ಬಿಟ್ರಂತೆ ಅಮ್ಮ. ಅವತ್ತಿಂದ ನಾನೇ ಫೋನು” ಎಂದರು.

ನಾನು ತಮ್ಮ ಬಾಗಿಲನ್ನೇ ನೋಡಿದೆ ಸ್ವಾಮಿ. ಅದು ಪೂರ್ತಿ ಮುಚ್ಚಿರಲಿಲ್ಲ. ಒಂದಿಷ್ಟು ಸಂದು ಇತ್ತು, ಸರಿಯಾಗಿ ಎದುರು ಕೋಣೆಯ ಕಡೆಗೆ. ಮುನಿಸು ಮನೆಯಲ್ಲಿ ಇಟ್ಟುಕೊಳ್ಳುವುದು ಎಂದವರು ತಾವೇ ತಾನೇ? ತಾವು ಶ್ರೀಮತಿ ಅ ಆದ ನನ್ನ ಖಾಸಾ ಬಂಧುಗಳು, ಲೇಖನದ ಮುಂದಿನ ಭಾಗದಲ್ಲಿ ‘ಶ್ರೀ ಆ’ ಎಂದು ಧಾರಾಳವಾಗಿ ಬರಬಹುದು. ನಗು ತಡೆಯಲಾಗದೆ ನಾನು ತಮ್ಮನ್ನು ನೋಡದೆಯೇ ಎದ್ದು ಬಂದೆ.

ದಾರಿಯಲ್ಲೆಲ್ಲ ನಗುತ್ತಿದ್ದವಳು ಮನೆಗೆ ಬಂದ ಮೇಲೆ ನಗಲಿಲ್ಲ. ಅದನ್ನೂ ಹೇಳಿಬಿಡುತ್ತೇನೆ.

ತಾವು ತರಗತಿ ಕಿತ್ತುಕೊಂಡ ಹೊಸದರಲ್ಲಿ ಸೊಸೆ ಕಾಲೇಜಿನ ಮೇಲೆ ಮುನಿಸಿಕೊಂಡಿದ್ದಳು. ಸ್ಟಾಫ್ ರೂಮಿನಲ್ಲಿ ಟೀ ಬಿಟ್ಟಳು, ಸಭೆಗಳಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತಳು, ಮನೆಗೆ ಬಂದರೆ ತನ್ನ ಓದುವ ಕೋಣೆಯ ಬಾಗಿಲು ಹಾಕಿಕೊಂಡಳು, ಸಂದು ಬಿಟ್ಟು. ನನಗೆ ಆಗ ಭಯವಿರಲಿಲ್ಲ. ಆ ಕಾಲೇಜು ತನ್ನದು, ಅಲ್ಲಿಂದ ಯಾರಾದರೂ ಒಂದು ಮಾತು ಕೇಳಿಯಾರು ಎಂದು ಕಾಯುತ್ತಿದ್ದಾಳೆ ಎಂದುಕೊಂಡೆ. ಯಾರೂ ಕೇಳಲಿಲ್ಲ. ಈಗ ಅವಳ ಬಾಗಿಲು ಹಾರುಹೊಡೆದಿರುತ್ತದೆ. ಒಳಗೆ ಹೋದರೆ, “ಬನ್ನಿ ಅತ್ತೆ, ಕೂತ್ಕೊಳ್ಳಿ” ಎಂದು ನಗುತ್ತಾಳೆ. ಕಾಲೇಜಿನ ಸುದ್ದಿ ಎತ್ತಿದರೆ, “ಪರವಾಗಿಲ್ಲ ಬಿಡಿ, ಏನಂತೆ” ಎನ್ನುತ್ತಾಳೆ. ಬೇಕೆಂದೇ ಅವಳ ಕಪಾಟಿನ ಪುಸ್ತಕಗಳನ್ನೆಲ್ಲ ತಲೆಕೆಳಗು ಜೋಡಿಸಿ ನೋಡಿದೆ. “ಚೆನ್ನಾಗಿದೆ ಅತ್ತೆ” ಎಂದಳು.

ದೂರದ ಊರಿನ ಕಾಲೇಜೊಂದು ಅವಳನ್ನು ಕರೆದಿದೆ. ‘ಮುನಿಸು’ ಎಂದು ಕೊಂಬು, ಗುಡಿಸು ಸಮೇತ ಹಾಕಿಸುತ್ತಾರಂತೆ. ವಾರದ ಕೊನೆಗೆ ಮಾತ್ರ ಮನೆಗೆ ಬಂದು ಹೋಗಬೇಕಾಗುತ್ತದೆ. ಮಗ ಎಂದಿನಂತೆ ಬಾಯಿ ತೆರೆದಿಲ್ಲ. ಅವಳು ಇನ್ನೂ ಹೂಂ ಎಂದಿಲ್ಲ, ತಿಂಗಳ ಕೊನೆಗೆ ಹೇಳಬೇಕಂತೆ. ಅವಳ ಏಳಿಗೆಗೆ ನಾನು ಅಡ್ಡ ಬರುವವಳಲ್ಲ. ಆದರೆ ತನ್ನದೆಂದುಕೊಂಡ ಜಾಗದಲ್ಲಿ ತನ್ನನ್ನು ಯಾರೂ ಕರೆಯಲಿಲ್ಲ ಎಂಬ ಕಾರಣಕ್ಕೆ ಅವಳು ಹೊರಟರೆ ನನಗೆ ಸಹಿಸಲಾಗದು. ನನಗೆ ಅವಳು ಬೇಕು. ಇದನ್ನು ಅವಳ ಎದುರಿಗೆ ಹೇಳಲು ನನ್ನ ಬಿಗುಮಾನ ಬಿಡುವುದಿಲ್ಲ, ಅದಕ್ಕೇ ಊರೆಲ್ಲ ಓದುವ ಪತ್ರದಲ್ಲಿ ಹೇಳುತ್ತಿದ್ದೇನೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಕೊಂಬು ಮತ್ತು ಗುಡಿಸನ್ನು ಇದ್ದಲ್ಲಿಗೆ ಸೇರಿಸತಕ್ಕದ್ದು. ತರಗತಿಯನ್ನು ಮುಂದಿನ ವರ್ಷಕ್ಕೂ ಮುಂದುವರಿಸತಕ್ಕದ್ದು. ಕ್ಷಮಾಪಣೆ ಕೇಳಬೇಕಾಗಿಲ್ಲ, ಅದು ಕೋಪಕ್ಕೆ ಮದ್ದು. ತಾವೇ ಅವಳ ಕೋಣೆಯವರೆಗೆ ನಡೆದು ಹೋಗಿ, “ಮೇಡಂ, ಮುಂದಿನ ವರ್ಷದ ಪಾಠಪಟ್ಟಿ ಹೇಗಿದ್ರೆ ಚೆನ್ನ, ನೀವೇ ಹೇಳಿ” ಎಂದು ಕೇಳಿ. ಅಟೆಂಡರನ್ನು ಕಳಿಸಬೇಡಿ. ಅವಳು ಮುಖ ಗಂಟು ಹಾಕಿಕೊಂಡು, ಈ ಕಾಲೇಜಿನಲ್ಲಿ ನನ್ನನ್ನು ಯಾರು ಕೇಳುತ್ತಾರೆ ಎಂದು ಸಿಡುಕಿದರೆ ತಾವು ಗೆದ್ದಿರಿ ಎಂದು ತಿಳಿಯಿರಿ. ನಗುತ್ತ ‘ಪರವಾಗಿಲ್ಲ ಸರ್’ ಎಂದರೆ ಅಲ್ಲಿಂದ ಕದಲಬೇಡಿ, ಇನ್ನೊಮ್ಮೆ ಕೇಳಿ. ಹಿಂತಿರುಗುವಾಗ ಎದುರು ಕೋಣೆಯ ಬಾಗಿಲನ್ನೂ ಒಮ್ಮೆ ತಟ್ಟಿದರೆ ಅಟೆಂಡರಿಗೂ ಪುಣ್ಯ ಬರುತ್ತದೆ.

ಜೀವಮಾನವಿಡೀ ಬೇರೆಯವರ ಪತ್ರಗಳ ಕೊನೆಗೆ ‘ತಮ್ಮ ವಿಧೇಯ’ ಎಂದು ಟೈಪು ಮಾಡಿ ನನ್ನ ಬೆರಳು ಸವೆದಿದೆ. ಇಲ್ಲಿ ಆ ಪದವನ್ನು ನಿರೀಕ್ಷಿಸಬೇಡಿ. ಸದ್ಯಕ್ಕೆ ತಮ್ಮ ಮೇಲೆ ನನಗಿರುವುದು ಬರೀ ಕೋಪ. ಅದು ಮುನಿಸಾಗುವುದು ತಮ್ಮ ಕೈಯಲ್ಲಿದೆ.

ಇಂತಿ,
ತಿಂಗಳ ಕೊನೆಯ ನಂತರ ಮುನಿಸಿಕೊಳ್ಳಲು ಮನೆಯಲ್ಲಿ ಯಾರೂ ಇಲ್ಲದಂತಾದೀತೆಂದು ಹೆದರಿರುವ,
ಶ್ರೀಮತಿ ಅ