ಅಂಗೈಗೆ ಕಟ್ಟಿದ ರಿಮೋಟ್

12 ಜನವರಿ 2025, ಭಾನುವಾರ. ಬೆಳಿಗ್ಗೆ 7

ಸ್ಪಂಜಿನ ಚೆಂಡು. ಹತ್ತು ಸಲ ಒತ್ತಬೇಕು. ಮಂಜೂರ ಆರಕ್ಕೆ ಬಿಟ್ಟ. ನಾನು ಎಂಟು ಎಂದು ಎಣಿಸಿದೆ. ಇಬ್ಬರಿಗೂ ಗೊತ್ತು.

ಎದುರಿಗೆ "ಏನ್ರಿ, ಕೇಳ್ರಿ". ಇಲ್ಲಿ ಮಾತ್ರ ಮಂಜೂರ, ಅವನು. ಗಂಡನನ್ನು ಏಕವಚನದಲ್ಲಿ ಬರೆಯುವುದಕ್ಕಾದರೂ ಒಂದು ಡೈರಿ ಬೇಕು.

ಅಂಗಡಿಯ ಶೋಕೇಸಿನ ಗಾಜು ಅವನ ಬಲ ಮಣಿಕಟ್ಟಿನ ಮೇಲೆ ಬಿದ್ದು ನಾಲ್ಕು ತಿಂಗಳು. ಹುಬ್ಬಳ್ಳಿಯಲ್ಲಿ ನರ ಹೊಲಿದರು. ಕೈ ತಿರುಗುತ್ತದೆ, ಬೆರಳು ಹಿಡಿಯುವುದಿಲ್ಲ. ಹದಿನೈದು ವರ್ಷ ಕುಷ್ಟಗಿಯ ಅರ್ಧ ಊರಿಗೆ ಪ್ಯಾಂಟು ಶರ್ಟು ಹೊಲಿದ ಕೈ. ಅಂಗಡಿಯ ಶಟರ್ ಅವತ್ತು ಇಳಿದದ್ದು ಇಳಿದೇ ಇದೆ.

ಚಹಾದ ಹೊತ್ತಿಗೆ ಗಂಗಾವತಿಯಿಂದ ಯಂಕೇಶನ ವಾಯ್ಸ್ ಮೆಸೇಜು. ಇವನ ಬಾಲ್ಯದ ಗೆಳೆಯ. 98ರಲ್ಲಿ ಇಬ್ಬರೂ ಸಾಲಿ ತಪ್ಪಿಸಿ ವಿಡಿಯೋ ಗೇಮ್ ಅಂಗಡಿಯಲ್ಲಿ ಕೂರುತ್ತಿದ್ದರಂತೆ. ಈಗ ಯಂಕೇಶನೇ ಅಂಥ ಅಂಗಡಿ ಇಟ್ಟಿದ್ದಾನೆ. ಮೆಸೇಜು ಕೇಳಿದವನೇ ಮಂಜೂರ ನನ್ನನ್ನು ಕೂಗಿದ, ಎಂದಿನಂತೆ ನನ್ನ ಹೆಸರನ್ನು ಮೊಟಕು ಮಾಡಿ.

"ಅತೀ, ಕೇಳಿಲ್ಲೆ. ಹೊಸಾ ಗೇಮ್ ಬಾಕ್ಸ್ ಬರತೈತಂತ. ಪರದೆ ದೊಡ್ಡದಂತ. ರಿಮೋಟ್ ಎರಡ ಹೋಳ ಆಗತೈತಂತ, ಮ್ಯಾಗ್ನೆಟ್‌ನಿಂದ ಅಂಟ್ಕೊಂತಾವಂತ. ಹಳೇ ಆಟಾನೂ ನಡೀತಾವಂತ!"

ಒಂದೇ ಉಸಿರಿನಲ್ಲಿ ಐದು 'ಅಂತ'. ಆದರೆ ನಾಲ್ಕು ತಿಂಗಳಲ್ಲಿ ಅವನು ಇಷ್ಟುದ್ದ ಮಾತಾಡಿದ್ದು ಇದೇ ಮೊದಲು. ಚಹಾಕ್ಕೆ ಇನ್ನೊಂದು ಚಮಚ ಸಕ್ಕರೆ ಹಾಕಿದೆ.

17 ಜನವರಿ

ನಾನು ಪಾಠ ಮುಗಿಸಿ ಸಾಲಿಯಿಂದ ಬಂದಾಗ ಅವನು ಫೋನ್ ಮುಂದೆ. ಆ ಬಾಕ್ಸಿನ ಎರಡು ನಿಮಿಷದ ವಿಡಿಯೋ ಬಿಟ್ಟಿದ್ದಾರೆ. ರಿಮೋಟಿನ ಹೋಳುಗಳು ಮೇಜಿನ ಮೇಲೆ ಸರ್ರನೆ ಜಾರುವ ಒಂದೇ ಒಂದು ಕ್ಷಣ. ಕಂಪನಿಯವರು ಬಾಯಿ ಬಿಟ್ಟಿಲ್ಲ. ನೋಡಿದವರ ಊಹೆ — ಕಂಪ್ಯೂಟರ್ ಮೌಸ್ ಹಾಗೆ ಉಜ್ಜಿದರೆ ಆಟ ನಡೆಯುತ್ತದೆ.

ಮಂಜೂರ ಬಲಗೈಯನ್ನು ಎಡಗೈಯಿಂದ ಎತ್ತಿ ಮೇಜಿನ ಮೇಲಿಟ್ಟ. ಜಾರಿಸಿದ. ಆ ಕಡೆ, ಈ ಕಡೆ.

"ಇದಕ್ಕ ಬೆರಳ ಬ್ಯಾಡಲ್ಲ ಅತೀ. ಉಜ್ಜಿದ್ರ ಸಾಕು."

ನಗಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದ. ಹೂಂ ಅಂದೆ. ಭಯವಾಯಿತು. ಯಾರದೋ ಊಹೆಯ ಮೇಲೆ ಇಷ್ಟು ಭಾರ...

2 ಫೆಬ್ರವರಿ

ಜಗಳ. ತಪ್ಪು ನನ್ನದೇ.

ಚೆಂಡು ಒತ್ತಿರಲಿಲ್ಲ. ಬೆಳಗಿನಿಂದ ಬರೀ ಬಾಕ್ಸಿನ ಸುದ್ದಿ. ಬಾಯಿ ಬಿಟ್ಟೆ. "ಅಂತ, ಅಂತ, ಅಂತ! ಆ ಯಂಕೇಶಗ ಕೆಲಸಿಲ್ಲ, ನಿಮಗೂ ಇಲ್ಲೇನ್ರಿ? ಅವರೇನ್ ಹಂಗ ಹೇಳ್ಯಾರೇನ್ರಿ? ನಾಳೆ ಉಜ್ಜೋದು ಇಲ್ಲಂದ್ರ?"

"ಇಲ್ಲಂದ್ರ ಇಲ್ಲ. ಕಾಯಾಕ ಏನರ ಒಂದ ಬೇಕಲ್ಲ."

ಅಷ್ಟೇ ಅಂದ. ಗೋಡೆ ಕಡೆ ತಿರುಗಿ ಮಲಗಿದ. ಮಧ್ಯಾಹ್ನ ರೊಟ್ಟಿ ಅರ್ಧ.

ಅತ್ತೆ ನೂರಜಾನಬಿ ಅಡುಗೆಮನೆಯಿಂದಲೇ ಹೇಳಿದರು, "ಸಾಲ್ಯಾಗ ಹುಡುಗರ್ನ ಬೈದದ್ದು ಸಾಕಾಗಿಲ್ಲೇನವಾ?"

20 ಮಾರ್ಚ್

ರಂಜಾನ್. ಹೋದ ವರ್ಷ ಈ ದಿನಗಳಲ್ಲಿ ಊಟಕ್ಕೂ ಪುರುಸೊತ್ತು ಇರಲಿಲ್ಲ ಅವನಿಗೆ. ಈ ಸಲ ಬಟ್ಟೆ ಹಿಡಿದು ಮನೆಗೇ ಬರುತ್ತಾರೆ. "ಮಾಸ್ಟರ್, ಹಬ್ಬಕ್ಕ ಒಂದ ಪಠಾಣಿ ಜುಬ್ಬಾ..." ಮಂಜೂರ ಬಾಗಿಲಲ್ಲೇ ನಿಂತು ಬೇರೆ ಟೇಲರನ ಹೆಸರು ಹೇಳಿ ಕಳಿಸುತ್ತಾನೆ. ನಗುನಗುತ್ತಲೇ. ಬಲಗೈ ಬೆನ್ನ ಹಿಂದೆ.

ಇವತ್ತು ಏಳು ಜನ. ಏಳನೆಯವರು ಹೋದ ಮೇಲೆ ಚೆಂಡು ತೆಗೆದುಕೊಟ್ಟೆ. ಒತ್ತಿದ. ನಾನು ಸರಿಯಾಗಿ ಎಣಿಸಿದೆ.

3 ಏಪ್ರಿಲ್, ಗುರುವಾರ

'ಅಂತ' ಹೋಗಿ 'ಐತಿ' ಬಂತು!

ಕಂಪನಿಯವರೇ ಎಲ್ಲ ಹೇಳಿದ್ದಾರೆ. ಮ್ಯಾಗ್ನೆಟ್ ಐತಿ, ದೊಡ್ಡ ಪರದೆ ಐತಿ, ಉಜ್ಜುವುದೂ ಐತಿ. ಜೂನಿಗೆ ಪೇಟೆಗೆ. ಒಂದು ಕೊಂಡು ಕಳಿಸಲು ಯಂಕೇಶ ದುಬೈಯಲ್ಲಿರುವ ತನ್ನ ಅಣ್ಣನಿಗೆ ಆಗಲೇ ಹೇಳಿಟ್ಟಿದ್ದಾನೆ.

ಒಂದು ತೊಡಕು. ಉಜ್ಜಬೇಕಾದರೂ ಹೋಳನ್ನು ಹಿಡಿದಿರಬೇಕು. ಇವನ ಕೈಯಿಂದ ಜಾರಿ ಬೀಳುತ್ತದೆ. ನಾನೇ ಹೇಳಲೋ ಬೇಡವೋ ಎನ್ನುತ್ತಿರುವಾಗ ಅವನೇ ಕೇಳಿದ, "ಅದರ ಅಳತಿ ಸಿಗತೈತೇನ ನೋಡು. ಉದ್ದ, ಅಗಲ, ದಪ್ಪ."

"ಯಾಕ್ರಿ?"

"ಅಂಗೈಗೆ ಕಟ್ಟೂದು. ಒಂದ ಅರ್ಧ ಗವಸು ಹೊಲೀಬೇಕು."

ಹೊಲೀಬೇಕು ಅಂದ! ಮೊಬೈಲ್ ಹುಡುಕುವ ನೆಪದಲ್ಲಿ ಒಳಗೆ ಹೋಗಿ ಕಣ್ಣು ಒರೆಸಿಕೊಂಡು ಬಂದೆ.

6 ಏಪ್ರಿಲ್

ಇಂಟರ್‌ನೆಟ್ಟಿನಲ್ಲಿದ್ದ ಅಳತೆ ಮಿಲಿಮೀಟರಿನಲ್ಲಿ. ಇಂಚಿಗೆ ತಿರುಗಿಸಿ ಕೊಟ್ಟೆ. ಬಟ್ಟೆ ಸೋಪನ್ನು ಚಾಕುವಿನಿಂದ ಕೆತ್ತಿ ಅದೇ ಗಾತ್ರದ ಹೋಳು ಮಾಡಿದೆವು. ಮೂರು ಸೋಪು ಹಾಳು, ನಾಲ್ಕನೆಯದು ಸರಿ.

ಅತ್ತೆ: "ಗಂಡಾ ಹೆಂಡ್ತಿ ಸೋಪಿನಾಗ ಆಟಾ ಹಚ್ಚೀರಿ. ನಾ ಅರಬಿ ಯಾತರಾಗ ಒಗೀಲಿ?"

13 ಏಪ್ರಿಲ್, ಭಾನುವಾರ

ಶಟರ್ ಎತ್ತಿದೆವು. ಏಳು ತಿಂಗಳ ಧೂಳು. ಗೋಡೆಗೆ ಯಾರದೋ ಅರ್ಧ ಹೊಲಿದ ಕೋಟು ನೇತಾಡುತ್ತಿತ್ತು.

ಎಡಗೈಯಲ್ಲಿ ಚಾಕ್ ಹಿಡಿದು ಅವನು ಗೆರೆ ಎಳೆದ. ಒಂದನೇ ತರಗತಿಯ ಹುಡುಗರ ಅಕ್ಷರದ ಹಾಗೆ ಸೊಟ್ಟ. ಕತ್ತರಿ ನನಗೆ ಕೊಟ್ಟ.

"ಹಂಗ ಹಿಡೀಬ್ಯಾಡ, ಬಟ್ಟಿ ಹೆದರತೈತಿ. ಕತ್ರಿ ಬಾಯಿ ಎತ್ತಬ್ಯಾಡ. ಮೇಜಿನ ಮ್ಯಾಗ ನಡಸು."

ಮೆಷಿನ್ನಿಗೆ ಅವನೇ ಕೂತ. ಬಲ ಅಂಗೈ ಬಟ್ಟೆಯನ್ನು ಒತ್ತಿ ಹಿಡಿಯಲಿಕ್ಕೆ, ಎಡಗೈ ದೂಡಲಿಕ್ಕೆ. ಕಾಲಿಗೆ ಪೆಡಲ್ ಮರೆತಿರಲಿಲ್ಲ. ಹೊಲಿಗೆ ಹಾವಿನ ಹಾಗೆ ಓಡಿತು. ಬಿಚ್ಚಿದ. ಮತ್ತೆ ಹೊಲಿದ, ಬಿಚ್ಚಿದ. ಬೆವರು ಮೂಗಿನ ತುದಿಗೆ. ಒರೆಸಲು ಹೋದರೆ, "ಸುಮ್ಮ ಕುಂದ್ರ, ದಾರ ನೋಡು."

ಸಂಜೆ ಐದಕ್ಕೆ ಗವಸು ಆಯಿತು. ವೆಲ್ಕ್ರೋ ಪಟ್ಟಿ ಹಚ್ಚಿ, ಸೋಪಿನ ಹೋಳು ಕಟ್ಟಿಕೊಂಡು ಮೇಜಿನ ತುಂಬ ಉಜ್ಜಿದ. ಬೀಳಲಿಲ್ಲ.

20 ಮೇ

ಹುಬ್ಬಳ್ಳಿ. ಡಾಕ್ಟರು ಬೆರಳು ಒಂದೊಂದಾಗಿ ಮಡಿಸಿ ನೋಡಿದರು. ಮಣಿಕಟ್ಟು ಛಲೋ ಬಂದಿದೆ. ಬೆರಳು ಇನ್ನು ಇಷ್ಟೇ ಇರಬಹುದು, ಆಸೆ ಹೆಚ್ಚು ಇಟ್ಟುಕೊಳ್ಳಬೇಡಿ ಎಂದರು.

ಬಸ್ಸಿನಲ್ಲಿ ಕಣ್ಣೀರು ಬಂದದ್ದು ನನಗೇ. ಅವನು ಕಿಟಕಿ ಕಡೆ. ಗದಗ ದಾಟಿದ ಮೇಲೆ ಹೇಳಿದ, "ಅಳಬ್ಯಾಡ ಅತೀ. ನನಗ ಗೊತ್ತಿತ್ತು. ಚೆಂಡ ಒತ್ತುವಾಗ ನೀ ಸುಳ್ಳ ಎಣಸ್ತಿದ್ದೆಲ್ಲ, ಅವಾಗ್ಲೇ ಗೊತ್ತಿತ್ತು."

ಬೇರೇನೂ ಬರೆಯಲಾರೆ.

15 ಜೂನ್, ಭಾನುವಾರ. ಗಂಗಾವತಿಯಿಂದ ಬಂದು, ಸಂಜೆ

ತಾವರಗೇರಾ, ಕನಕಗಿರಿ, ಗಂಗಾವತಿ. ದಾರಿಯುದ್ದ ಗವಸು ಅವನ ಅಂಗಿಯ ಜೇಬಿನಲ್ಲಿ. ಎರಡು ಸಲ ಮುಟ್ಟಿ ನೋಡಿಕೊಂಡ.

ಯಂಕೇಶ ಬಾಕ್ಸನ್ನು ಟವೆಲಿನಲ್ಲಿ ಸುತ್ತಿ ಇಟ್ಟಿದ್ದ. "ಬರ್ರಿ ಟೀಚರ್. ಇನ್ನಾ ಯಾರ್ಗೂ ಮುಟ್ಟಾಕ ಕೊಟ್ಟಿಲ್ಲ, ಮೊದಲ ಇವ ಆಡ್ಲಿ."

ಕಟ್ಟಿದೆವು. ಅಳತೆ ಸರಿಯಾಗಿ ಕೂತಿತು. ಉಜ್ಜಿದ. ಪರದೆಯ ಮೇಲೆ ಏನೂ ಅಲುಗಾಡಲಿಲ್ಲ. ಮತ್ತೆ ಉಜ್ಜಿದ. ಇಲ್ಲ. ಯಂಕೇಶನ ಮುಖ ಬಿಳಿಚಿತು.

ಮಂಜೂರ ಬಿಚ್ಚಿ, ಹೋಳನ್ನು ಕಣ್ಣ ಹತ್ತಿರ ಹಿಡಿದು ನೋಡಿದ. ಜಾರುವ ಅಂಚಿನಲ್ಲಿ ಸಾಸಿವೆಯಷ್ಟು ಒಂದು ಕಣ್ಣು, ಉಜ್ಜಿದ್ದನ್ನು ಅದೇ ನೋಡಬೇಕು. ನಮ್ಮ ಸೋಪಿಗೆ ಆ ಕಣ್ಣು ಇರಲಿಲ್ಲ. ಗವಸು ಅದನ್ನೇ ಮುಚ್ಚಿತ್ತು. "ಕತ್ರಿ ಕೊಡಲೇ," ಅಂದ. ತಾನೇ ಎಡಗೈಯಿಂದ ಅಲ್ಲಿಗೆ ಒಂದು ಕಿಟಕಿ ಕತ್ತರಿಸಿದ. ಕಟ್ಟಿ ಉಜ್ಜಿದರೆ ಪರದೆಯ ಮೇಲಿನ ಚೆಂಡು ಓಡಿತು.

ಯಂಕೇಶ ಕೂಗಿದ್ದಕ್ಕೆ ಕೆಳಗಿನ ಹೋಟೆಲಿನವರು ಹೊರಗೆ ಬಂದು ನೋಡಿದರು.

ಐದು ಆಟ ಸೋತ. ಆರನೆಯದು ಗೆದ್ದ. ಗೆದ್ದವನು ಗವಸು ಬಿಚ್ಚಿ ರಿಮೋಟ್ ಕೆಳಗಿಟ್ಟ.

"ಯಂಕ್ಯಾ, ಬೇಕಂತ ಬಿಟ್ಟಿ."

"ಇಲ್ಲಲೇ..."

"ಬಿಟ್ಟಿ. ನನಗ ಸೋಲಬ್ಯಾಡಲೇ. ಎಲ್ಲಾರೂ ಹಂಗ ಮಾಡಾಕತ್ತಾರ. ನೀ ಒಬ್ಬನರ ಸರಿಯಾಗಿ ಆಡು."

ಯಂಕೇಶ ಕಣ್ಣು ಒರೆಸಿಕೊಂಡ. ಆಮೇಲೆ ಕರುಣೆಯಿಲ್ಲದೆ ಹತ್ತು ಆಟ ಸೋಲಿಸಿದ. ಒಂಬತ್ತನೆಯದರಲ್ಲಿ ಇನ್ನೇನು ಇವನು ಗೆದ್ದೇಬಿಟ್ಟ ಅನ್ನಿಸಿ ನಾನು ಎದ್ದೇ ನಿಂತಿದ್ದೆ. ವಾಪಸ್ ಬರುವಾಗ ಬಸ್ಸಿನಲ್ಲಿ ಮಂಜೂರ ಪ್ರತಿ ಸೋಲನ್ನೂ ವಿವರಿಸಿದ. ಕನಕಗಿರಿಯವರೆಗೆ ನಾಲ್ಕು ಸೋಲು, ಅಲ್ಲಿಂದ ಮುಂದೆ ಉಳಿದವು. ಇಂಥ ಖುಷಿಯ ಮುಖ ಮದುವೆಯಲ್ಲೂ ನೋಡಿರಲಿಲ್ಲ.

29 ಜೂನ್, ಭಾನುವಾರ. ಬೆಳಿಗ್ಗೆ 11, ಅಂಗಡಿಯಲ್ಲಿ

ತರಕಾರಿ ಮಾರುವ ಖಾಜಾಸಾಬ ಶರ್ಟಿನ ಬಟ್ಟೆ ತಂದರು. ಮಗಳ ನಿಕಾಹ್‌ಗೆ. ಮಂಜೂರ ಈ ಸಲ ಬೇರೆ ಹೆಸರು ಹೇಳಿ ಕಳಿಸಲಿಲ್ಲ. ಬಲಗೈ ಮುಂದೆಯೇ ಇತ್ತು.

"ಹೊಲ್ಯಾಕ ನಾ ಅದೀನಿ. ಕತ್ತರ್ಸಾಕ ಟೀಚರ್ ಅದಾರ. ಶುಕ್ರವಾರ ಬರ್ರಿ."

ಕೇಳದೆಯೇ ನನ್ನನ್ನು ಸೇರಿಸಿಬಿಟ್ಟ! ಗವಸು ಹಳೆ ಚಿಂದಿ ಬಟ್ಟೆ, ಸೊಟ್ಟಾದರೂ ನಡೆಯಿತು. ಇದು ಮಗಳ ಮದುವೆಯಲ್ಲಿ ಒಬ್ಬ ತಂದೆ ಹಾಕಿಕೊಳ್ಳುವ ಅಂಗಿ. ಬಿಳಿ ಬಟ್ಟೆ, ಮೇಜಿನ ತುಂಬ ಹಾಸಿದ್ದಾನೆ. ಚಾಕಿನ ಗೆರೆ ಈಗ ನೇರ ಬರುತ್ತದೆ. ಎರಡು ಸಲ ಅಳೆದಿದ್ದಾನೆ. ನಾನೂ ಎರಡು ಸಲ ಅಳೆದೆ. ಧೈರ್ಯ ಬರಲಿ ಎಂದು ಈ ಡೈರಿ ತೆಗೆದು ಕೂತಿದ್ದೇನೆ.

"ಬರಕೋತ ಕುಂತ್ರ ಬಟ್ಟಿ ತಾನ ಕತ್ತರಿಸ್ಕೊಂತೈತೇನು?" ಎದುರಿಗೆ ನಿಂತು ನಗುತ್ತಿದ್ದಾನೆ. ತೋಳಿನಿಂದ ಶುರು ಮಾಡು ಅನ್ನುತ್ತಾನೆ. ನಾನು ಬೆನ್ನಿನಿಂದ ಅನ್ನುತ್ತಿದ್ದೇನೆ, ಬೆನ್ನು ದೊಡ್ಡದು, ತಪ್ಪಿದರೂ... ಬಂದೆ ಬಂದೆ, ಕತ್ತರಿ ಎಲ್ಲಿಟ್ರಿ, ಒಂದು ಸಾಲು ಬರೆದು —