ಕೈ ತೊಳೆಯದ ತಪಾಸಣೆ

ಸಾಲ ವಿಭಾಗದ ಹಿರಿಯ ಅಧಿಕಾರಿಗಳೇ,

ನಿಮ್ಮ ಬ್ಯಾಂಕು ನನಗೆ ಸಾಲ ಕೊಡಲಿಲ್ಲ. ಕೊಡುವ ಮುನ್ನ ನೋಡುತ್ತೇವೆಂದು ಬಂದು, ಇದ್ದ ರೇಷ್ಮೆ ಬೆಳೆಯನ್ನೂ ಕೊಂದು ಹೋಯಿತು. ಇದು ಅನ್ಯಾಯ. ನೀವು ಒಪ್ಪದಿದ್ದರೂ ಅನ್ಯಾಯವೇ.

ನಿಮ್ಮ ಕಚೇರಿಯ ಗೋಡೆಯ ಮೇಲೆ ಟ್ರ್ಯಾಕ್ಟರ್ ಏರಿದ ಹುಡುಗನೊಬ್ಬ ನಗುತ್ತಾನೆ. ಅವನ ಕೆಳಗೆ ‘ಯುವ ರೈತರೇ, ಬನ್ನಿ’ ಎಂದು ಬರೆದಿದೆ. ಬ್ಯಾಂಕುಗಳು ರಾಷ್ಟ್ರೀಕರಣವಾದದ್ದು ನಮ್ಮಂಥವರಿಗಾಗಿಯೇ ಎಂದು ಕರಪತ್ರಗಳಲ್ಲಿ ಓದಿ ನಂಬಿದ್ದ ನಾನು ಬಂದೆ. ಕೇಳಿದ್ದು ಟ್ರ್ಯಾಕ್ಟರನ್ನಲ್ಲ, ಹುಳುಮನೆ ಕಟ್ಟಲು ಸಾಲ. ಹೋಳೂರಿನ ಹತ್ತಿರ ಬಾವಿಯ ದಂಡೆಯಲ್ಲಿ ಅಪ್ಪ ನನ್ನ ಹೆಸರಿಗೆ ಬಿಟ್ಟುಕೊಟ್ಟ ಹಿಪ್ಪುನೇರಳೆ ತೋಟವಿದೆ. ಹುಳು ಸಾಕಲು ಮಾತ್ರ ನಾವು ಉಣ್ಣುವ, ಮಲಗುವ ಒಂದೇ ಕೋಣೆ. ಹುಳುವಿಗೆ ಬೇರೆ ಮನೆಯಿದ್ದರೆ ನಾನು ರೈತ. ಇಲ್ಲದಿದ್ದರೆ ಮಾಲೂರಿನ ಇಟ್ಟಿಗೆ ಗೂಡಿನ ಕೂಲಿ.

ನಿಮ್ಮ ಕ್ಷೇತ್ರಾಧಿಕಾರಿಗಳು ಮೊದಲ ಸಲ ಬಂದಾಗ ಹುಳುಗಳು ನಾಲ್ಕನೇ ಜ್ವರಕ್ಕೆ ಕೂತಿದ್ದವು. ಜ್ವರವೆಂದರೆ ಕಾಯಿಲೆಯಲ್ಲ, ಸ್ವಾಮಿ. ಹುಳು ಮೇವು ಬಿಟ್ಟು, ತಲೆಯೆತ್ತಿ, ಅಲುಗಾಡದೆ ಪೊರೆ ಕಳಚುವ ಹೊತ್ತು. ಆಗ ಹೊರಗಿನವರನ್ನು ಒಳಗೆ ಬಿಡುವ ಪದ್ಧತಿ ನಮ್ಮಲ್ಲಿಲ್ಲ. ನಮ್ಮಮ್ಮ ಅಕ್ಕಯಮ್ಮ ಬಾಗಿಲಿಗೆ ಅಡ್ಡ ನಿಂತರು.

“ಹುಳ ಜ್ವರಕ್ಕೆ ಕೂತವೆ ಸಾಮಿ, ಬೇಜಾರ್ ಮಾಡ್ಕೊಬೇಡಿ. ನಮ್ಮೆಜಮಾನ್ರುನ್ನೇ ಜಗಲಿಗೆ ಹಾಕಿವ್ನಿ.”

ಜಗಲಿಯ ಮೇಲಿದ್ದ ಅಪ್ಪ ಹೌದೆಂದು ತಲೆಯಾಡಿಸಿದರು. ಅಧಿಕಾರಿಗಳು ‘ಅರ್ಜಿದಾರರು ತಪಾಸಣೆಗೆ ಅಡ್ಡಿಪಡಿಸಿದರು’ ಎಂದು ಬರೆದುಕೊಂಡು ಹೊರಟುಹೋದರು. ಪಕ್ಕದ ಮನೆಯ ದೊಡ್ಡವೆಂಕಟಪ್ಪ ಊರೆಲ್ಲ ಕೇಳುವಂತೆ ನಕ್ಕ: “ಏನ್ಲಾ ಕದಿರೇಶ, ನಿಮ್ಮಮ್ಮ ಹುಳಕ್ಕೆ ಬಾಣಂತನ ಮಾಡಕ್ಕೋಗಿ ನಿನ್ ಸಾಲಕ್ಕೆ ತಿಥಿ ಮಾಡಿದ್ಲು ಕಣೋ!”

ನಾನು ಮತ್ತೆ ನಿಮ್ಮ ಬಾಗಿಲು ಕಾದೆ, ಕೈಮುಗಿದೆ. ಮುಂದಿನ ಬೆಳೆಗೆ ಅವರು ಇನ್ನೊಮ್ಮೆ ಬಂದರು. ಹುಳುಗಳು ಜ್ವರವನ್ನೆಲ್ಲ ದಾಟಿ, ಮಳೆ ಬಿದ್ದಂತೆ ಸದ್ದು ಮಾಡುತ್ತ ಸೊಪ್ಪು ತಿನ್ನುತ್ತಿದ್ದವು. ಅವರು ಹೊಸಿಲ ಬಳಿ ನಿಂತು ಒಂದು ಚಿಟಿಕೆ ನಸ್ಯ ಏರಿಸಿದರು. ಹೊಗೆಸೊಪ್ಪು ಮುಟ್ಟಿದ ಕೈ ಹುಳುವಿಗೆ ವಿಷವೆಂದು ನಮ್ಮೂರಿನ ಮಕ್ಕಳಿಗೂ ಗೊತ್ತು. ಅಮ್ಮ ತುಂಬಿದ ಚೊಂಬನ್ನು ಮುಂದೆ ಹಿಡಿದರು.

“ನೀರು ಬೇಡಮ್ಮ, ಈಗ ತಾನೇ ಕಾಫಿ ಕುಡಿದೆ” ಎಂದರು ಅವರು.

ಕುಡಿಯಲಿಕ್ಕಲ್ಲ, ತೊಳೆಯಲಿಕ್ಕೆ ಎಂದು ಹೇಳುವವರು ಯಾರು? ಹೇಳಿದರೆ ಅದನ್ನೂ ಅಡ್ಡಿ ಎಂದು ಬರೆದರೆ? ಸಾಲ ಕೇಳುವವನಿಗೆ ನಾಲಗೆ ಇರುತ್ತದೆಯೇ, ಹೇಳಿ. ಅವರು ಹುಳು ಸಾಕುವ ಒಂದೊಂದು ತಟ್ಟೆಯಲ್ಲೂ ಕೈಯಾಡಿಸಿ, “ಚೆನ್ನಾಗಿವೆ, ಚೆನ್ನಾಗಿವೆ” ಎಂದರು. ಅಮ್ಮ ಚೊಂಬು ಹಿಡಿದೇ ಅವರ ಹಿಂದೆ ಸುತ್ತಿದರು. ಸಂಜೆಗೆ ಹುಳುಗಳು ಹಸಿರು ಕಾರಿಕೊಂಡು ಮುರುಟಿದವು. ಬುಟ್ಟಿಗಳಲ್ಲಿ ಹೊತ್ತು ಹೊಂಡಕ್ಕೆ ಸುರಿದೆವು. “ನಾನು ಮೊದಲ್ನೇ ಸಲದಂಗೇ ಅಡ್ಡ ನಿಂತ್ಕೊಬೇಕಾಗಿತ್ತು ಕಣೋ” ಎಂದು ಅಮ್ಮ ಈಗಲೂ ತಮ್ಮನ್ನೇ ಬೈದುಕೊಳ್ಳುತ್ತಾರೆ. ಅವರನ್ನು ಸಮಾಧಾನಪಡಿಸುವ ಯಾವ ಕರಪತ್ರವೂ ನನ್ನ ಬಳಿ ಇಲ್ಲ.

ಆಮೇಲೆ ನಿಮ್ಮ ಉತ್ತರ ಬಂತು: ‘ಬೆಳೆ ವಿಫಲವಾಗಿದೆ. ಅರ್ಜಿದಾರರು ಕಿರಿಯ ವಯಸ್ಸಿನವರು, ಅನುಭವ ಸಾಲದು.’ ನಿಜ. ಅನುಭವವಿದ್ದವನು ನಿಮ್ಮ ಬಾಗಿಲಿಗೆ ಬರುತ್ತಿದ್ದನೇ?

ಪರಿಹಾರ ಕೇಳುತ್ತಿಲ್ಲ, ಕೇಳಿದರೂ ನೀವು ಕೊಡುವವರಲ್ಲ. ಆ ಷರಾವನ್ನು ಹೊಡೆದುಹಾಕಿ, ನನ್ನ ಅರ್ಜಿಯನ್ನು ಹೊಸದಾಗಿ ನೋಡಿ. ಇನ್ನು ಯಾರ ಹುಳುಮನೆಗೆ ಹೋದರೂ ಮನೆಯವರು ಕರೆದ ಹೊತ್ತಿಗೆ, ಕೈ ತೊಳೆದು ಹೋಗಬೇಕೆಂದು ನಿಮ್ಮವರಿಗೆ ಆಜ್ಞೆ ಮಾಡಿ. ಇಟ್ಟಿಗೆ ಗೂಡಿನ ಮೇಸ್ತ್ರಿ ಬರುವ ಮಂಗಳವಾರ ನನ್ನನ್ನು ಬರಹೇಳಿದ್ದಾನೆ. ಅದಕ್ಕೆ ಮುಂಚೆ, ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ನೀವೇ ಬನ್ನಿ. ಹೋಳೂರಿನ ಬಸ್ಸು ನಿಲ್ಲುವಲ್ಲಿ ಕಾದಿರುತ್ತೇನೆ. ಈ ಸಲ ಯಾರೂ ಅಡ್ಡ ನಿಲ್ಲುವುದಿಲ್ಲ, ಕೈ ತೊಳೆಯುವ ಅಗತ್ಯವೂ ಇಲ್ಲ. ತಟ್ಟೆಗಳು ಖಾಲಿ ಇವೆ.

ಇಂತಿ,
ಮೊದಲು ಅಡ್ಡಿಪಡಿಸಿ ಕೆಟ್ಟ, ಆಮೇಲೆ ಅಡ್ಡಿಪಡಿಸದೆ ಕೆಟ್ಟ,
ಕದಿರೇಶ
(ಸೋಮವಾರದ ತನಕ ರೈತ)