ಬಿ.ಪಿ. ನೋಡಲು ಹೋದವಳು

4 ಮಾರ್ಚ್ 1999, ಗುರುವಾರ

ಸಂಶೋಧನೆಗೆ ಮತ್ತೆ ಲಂಡನ್ನಿನ ವೆಂಬ್ಲಿ, ನಮ್ಮವರ ಬೀದಿಗಳು. ಬಿ.ಪಿ. ಮೆಷಿನ್ ಹೊತ್ತು ಮನೆ ಮನೆ ಸುತ್ತಾಟ. ಎಲ್ಲ ಕಡೆ ಅದೇ ಪ್ರಶ್ನೆ — ಬಣ್ಣ ನೋಡಿ ನಿಮಗೆ ಕೆಲಸದಲ್ಲಿ ಅನ್ಯಾಯ ಮಾಡಿದ್ದಾರಾ? ಎಲ್ಲ ಕಡೆ ಅದೇ ಉತ್ತರ — ನೆವರ್. ಇಪ್ಪತ್ತೈದರ ಹುಡುಗರ ಬಿ.ಪಿ. ಮಾತ್ರ ನನ್ನ ಅಪ್ಪನಿಗಿಂತ ಜಾಸ್ತಿ. ಎಲ್ಲ ಉಪ್ಪಿನಕಾಯಿಯಿಂದ ಅಂತ ನಮ್ಮ ಪ್ರೊಫೆಸರ್ ನಂಬಿಕೆ. ತಲೆ ಚಿಟ್ಟು ಹಿಡಿದಿದೆ.

9 ಮಾರ್ಚ್, ರಾತ್ರಿ

ಇವತ್ತು ಸುಜಾತಮ್ಮನ ಮನೆ. ಕುಂದಾಪುರದವರು. ಮಗ ಅನೀಶ್, ಕ್ಯಾನರಿ ವಾರ್ಫಿನ ಬ್ಯಾಂಕೊಂದರಲ್ಲಿ. ಹೋದರೆ ಟೇಬಲ್ ಮೇಲೆ ಕೇಸರಿಬಾತ್, ಹುಡುಗನಿಗೆ ಇಸ್ತ್ರಿ ಶರ್ಟು. ನಿದ್ದೆ ಬರುತ್ತಾ, ಪ್ರಮೋಷನ್ ಆಯಿತಾ ಅಂತ ಅವನನ್ನು ಕೇಳಿದರೆ ಉತ್ತರ ಅಮ್ಮನದು.

'ಅವ್ನಿಗ್ ಎಂತ ತೊಂದ್ರೆ ಇಲ್ಲ ಮಾರಾಯ್ತಿ. ಗುಂಡ್‌ಕಲ್ಲಿನ ಕಣಗೆ ಇದ್ದ.'

ಗುಂಡುಕಲ್ಲಿನ ಹಾಗಿದ್ದವನಿಗೆ ಮೆಷಿನ್ 158 ತೋರಿಸಿತು. ಕಾಫಿ ಕುಡಿದದ್ದಕ್ಕೆ ಅಂದರು. ಆಮೇಲೆ ನನ್ನ ನಕ್ಷತ್ರ ಕೇಳಿದರು. ಆಗ ಹೊಳೆಯಿತು... ಮದುವೆಯಾಗದ ಕನ್ನಡದವಳು ಮನೆಗೆ ಬಂದು ಮಗನ ಆರೋಗ್ಯ, ಕೆಲಸ ವಿಚಾರಿಸಿದರೆ ಇನ್ನೇನಂದುಕೊಳ್ಳುತ್ತಾರೆ? ಗಂಡು ನೋಡಲು ಬಂದವಳ ಮುಂದೆ ಮಗನ ಕಾಯಿಲೆ, ಅವಮಾನ ಯಾರು ಬಿಚ್ಚುತ್ತಾರೆ? ಹಿಂದಿನ ಮನೆಗಳಲ್ಲೂ ಇದೇ ಕಥೆ ಇರಬೇಕು. ಇಷ್ಟು ದಿನ ಮಾಡಿದ್ದು ಸಂಶೋಧನೆಯಲ್ಲ, ವರಾನ್ವೇಷಣೆ.

ಸ್ಟೇಷನ್ನಿಗೆ ಬಿಡಲು ಬಂದ ಅನೀಶ್ ದಾರಿಯಲ್ಲಿ ಬಾಯಿಬಿಟ್ಟ. ಎಲ್ಲ ಇಂಗ್ಲಿಷಿನಲ್ಲಿ. ಅವನೇ ಕೆಲಸ ಕಲಿಸಿದ ಬಿಳಿಯ ಹುಡುಗರು ಈಗ ಅವನ ಮೇಲಧಿಕಾರಿಗಳು. ಬೆಳಿಗ್ಗೆ ಆಫೀಸಿನ ಲಿಫ್ಟ್ ಹತ್ತಿದರೆ ಎದೆ ಹಿಡಿದುಕೊಳ್ಳುತ್ತದಂತೆ. ಫ್ಯಾಮಿಲಿ ಡಾಕ್ಟರ್ ಜಿಪಿಗೆ ತೋರಿಸಿಲ್ಲ, ಅಮ್ಮನಿಗೆ ಗೊತ್ತಾಗುತ್ತದೆ ಅಂತ. ಹತ್ತೊಂಬತ್ತಕ್ಕೆ ನಮ್ಮ ಆಫೀಸಿಗೇ ಬಂದು ಎಲ್ಲ ಬರೆಸುತ್ತೇನೆ ಅಂದ.

12 ಮಾರ್ಚ್

ಪ್ರೊಫೆಸರಿಗೆ ಹೇಳಿದೆ — ಮನೆಗಳು ಬೇಡ, ಒಬ್ಬೊಬ್ಬರನ್ನೇ ಇಲ್ಲಿಗೆ ಕರೆಸೋಣ. ಒಳ್ಳೆಯ ಐಡಿಯಾ ಅಂದರು. ಆದರೆ ಪ್ರಶ್ನೆ ಕೇಳುವುದು ನಾನಲ್ಲವಂತೆ! 'ನಿಮ್ಮ ಜನ' ಆದ್ದರಿಂದ ಉತ್ತರ ನಾನೇ ಅವರ ಬಾಯಿಗೆ ತುರುಕುತ್ತೇನಂತೆ. ಬಿಳಿಯರನ್ನು ಮಾತಾಡಿಸುವ ಬಿಳಿಯ ಸಹೋದ್ಯೋಗಿಯ ಮೇಲೆ ಈ ಅನುಮಾನ ಇಲ್ಲ. ಕೇಳಿಯೇಬಿಟ್ಟೆ. ಅಷ್ಟು ಸೆನ್ಸಿಟಿವ್ ಆಗಬೇಡ ಅಂದರು. ಸೋಮವಾರದಿಂದ ನನಗೆ ಡೇಟಾ ಎಂಟ್ರಿ. ಮೈ ಉರಿಯುತ್ತಿದೆ.

18 ಮಾರ್ಚ್

ಅನೀಶ್ ಫೋನ್ ಮಾಡಿದ್ದ. ನಾಳೆ ಬರುತ್ತಾನಂತೆ, ಆದರೆ ಹೇಳುವುದು ನನ್ನೊಬ್ಬಳಿಗೆ. ಬೇರೆಯವರು ಕೇಳುತ್ತಾರೆ ಅಂದೆ. ಹಾಗಾದರೆ ಬರೋದೇ ಇಲ್ಲ ಅಂದ. ಜಿಪಿ ಹತ್ತಿರವಾದರೂ ಹೋಗು ಅಂತ ಗೋಗರೆದೆ. ಅದು ಬಿಟ್ಟು, ಪ್ರಶ್ನೆ ಕೇಳೋಕೆ ನೀವ್ಯಾಕಿಲ್ಲ ಅಂತ ಕೇಳಿದ. ಬೇರೆ ಕೆಲಸ ಜಾಸ್ತಿ ಅಂತ ಸುಳ್ಳು ಹೇಳಿದೆ. ಆಮೇಲೆ, ಇಂಗ್ಲಿಷ್ ಬಿಟ್ಟು ಒಂದಕ್ಷರ ಆಡದ ಹುಡುಗ, ಮೆತ್ತಗೆ ಕನ್ನಡದಲ್ಲಿ —

'ಅಕ್ಕ, ನಿಮ್ಗೂ ನನ್ನ ಹಾಗೇ ಆಯ್ತಾ?'

ಏನಿಲ್ಲಪ್ಪ ಅನ್ನಬೇಕು ಅಂತ ಬಾಯಿ ತೆರೆದೆ. ಹೂಂ ಅಂತ ಬಂತು.